ವಿಯೆನ್ನಾ ನಗರದ ಗೀತನಾಟಕ ಮಂದಿರ

ಪಾಶ್ಚಾತ್ಯರು ಆಪೆರಾ ಎಂದು ಕರೆಯುವುದು ಗೀತನಾಟಕವನ್ನು. ನಮ್ಮ ಸಂಗೀತ ನಾಟಕಗಳಲ್ಲಿ ಮಾತಿನ ನಡುವೆ ಹಾಡು ಬರುತ್ತದೆ. ಅಲ್ಲಿಯಾದರೋ ಬಹುಮಟ್ಟಿಗೆ ಹಾಡೇ ಮಾತು. ಅದಕ್ಕೆ ತಕ್ಕ ಮಂದಿರವನ್ನು ನಿರ್ಮಿಸುವುದು ವಾಸ್ತುಶಿಲ್ಪದಲ್ಲಿ ಕಠಿನವಾದ ಕೆಲಸಗಳಲ್ಲೊಂದು. ಅಂಥ ಮಂದಿರಗಳ ಪೈಕಿ ವಿಯೆನ್ನಾ ನಗರದ್ದನ್ನು ಈ ಹೊತ್ತು ನಾವು ಆರಿಸಿಕೊಂಡಿದ್ದೇವೆ. ಕಟ್ಟಿ ಮುಗಿಯುವುದಕ್ಕೆ ಮೊದಲೇ ಊರಿನವರ ಹಳಿವಿಗೆ ಗುರಿಯಾದ ಕಟ್ಟಡವದು.

1857ರ ಕೊನೆಯಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫನು ವಿಯೆನ್ನಾದ ಹಳೆಯ ಕೋಟೆಗೋಡೆಗಳನ್ನು ಕೆಡವಲು ಅಪ್ಪಣೆ ಮಾಡಿದನು. ಆ ಸ್ಥಳದಲ್ಲಿ ಒಳನಗರವನ್ನು ಬಳಸಿದ ರಿಂಗ್‌ಸ್ಟ್ರಾಸೆ ಎಂಬ ವಿಶಾಲವಾದ ರಾಜಬೀದಿ ಹುಟ್ಟಿತು. ಅದರ ಪಕ್ಕದಲ್ಲಿ ಮೊದಮೊದಲು ಎದ್ದ ಸೌಧಗಳಲ್ಲಿ ಗೀತನಾಟಕ ಮಂದಿರವೂ ಒಂದು. ಸ್ಪರ್ಧೆಯಲ್ಲಿ ಗೆದ್ದ ನಕ್ಷೆ ಸಿಕಾರ್ಡ್ಸ್‌ಬುರ್ಗ್ ಮತ್ತು ವಾನ್ ಡೆರ್ ನ್ಯುಲ್ ಎಂಬ ಇಬ್ಬರು ಸ್ನೇಹಿತರದು. ಇಬ್ಬರೂ ಅಲ್ಲಿನ ಕಲಾಶಾಲೆಯಲ್ಲಿ ಅಧ್ಯಾಪಕರು. ಕಟ್ಟಡದ ವಿನ್ಯಾಸ, ಯಂತ್ರಸೌಕರ್ಯ ಮೊದಲಾದುವು ಒಬ್ಬನ ಪಾಲು, ಅಲಂಕಾರವೆಲ್ಲ ಇನ್ನೊಬ್ಬನದು. 1861ರಲ್ಲಿ ಕೆಲಸ ಆರಂಭವಾಯಿತು.

ಇಟಲಿಯ ಪುನರುಜ್ಜೀವನ ಕಾಲದ ಶೈಲಿಯನ್ನು ಅವರು ಅನುಸರಿಸಿದರು. ಬೀದಿಯ ಕಡೆಗೆ ಮುಖಮಂಟಪ. ಮೇಲಂತಸ್ತಿನಲ್ಲಿ ಐದು ಕಮಾನುಗಳು, ಒಂದೊಂದರಲ್ಲಿಯೂ ಒಂದು ಕಂಚಿನ ವಿಗ್ರಹ. ಒಳಹೊಕ್ಕರೆ ಅಮೃತಶಿಲೆಯ ಮಹಾಸೋಪಾನ. ಜನರು ನಾಟಕವನ್ನು ನೋಡುವುದಕ್ಕೆ ಬರುವಂತೆಯೇ ತಮ್ಮನ್ನು ತೋರಿಸಿಕೊಳ್ಳುವುದಕ್ಕೂ ಬರುತ್ತಾರೆಂಬುದನ್ನು ಶಿಲ್ಪಿಗಳು ಬಲ್ಲವರಾಗಿದ್ದರು. ಆ ಮೆಟ್ಟಿಲುಗಳನ್ನು ಏರುವುದೇ ಒಂದು ಪ್ರವೇಶ! ಅದರಾಚೆ ಅಂತಸ್ತಿನ ಮೇಲೆ ಅಂತಸ್ತಾಗಿ ಆಸನಗಳೆದ್ದ ಪ್ರೇಕ್ಷಕಾಂಗಣ.

ಆದರೆ ಕೆಲಸ ಸಾಗುತ್ತಿದ್ದಂತೆ ಮಂದಿರದ ಮುಂದಿನ ಬೀದಿಯ ಮಟ್ಟವನ್ನು ಸುಮಾರು ಒಂದು ಮೀಟರಿನಷ್ಟು ಎತ್ತರಿಸಿದರು. ಅಡಿಪಾಯವನ್ನು ಎತ್ತುವಂತಿರಲಿಲ್ಲ, ಕಟ್ಟಡ ನೆಲದಲ್ಲಿ ಕುಸಿದಂತೆ ಕಾಣತೊಡಗಿತು. ವಿಯೆನ್ನಾದವರು ಹಾಸ್ಯಪ್ರಿಯರು. ಅದನ್ನು 'ಮುಳುಗಿದ ಪೆಟ್ಟಿಗೆ' ಎಂದರು. 1866ರಲ್ಲಿ ಪ್ರಷ್ಯದವರು ಕ್ಯೋನಿಗ್ರೇಟ್ಸ್ ರಣರಂಗದಲ್ಲಿ ಆಸ್ಟ್ರಿಯವನ್ನು ಸೋಲಿಸಿದ ಮೇಲೆ, ಇದು ವಾಸ್ತುಶಿಲ್ಪದ ಕ್ಯೋನಿಗ್ರೇಟ್ಸ್ ಎಂಬ ಮಾತೂ ಹುಟ್ಟಿತು. 1868ರ ಏಪ್ರಿಲಿನಲ್ಲಿ ವಾನ್ ಡೆರ್ ನ್ಯುಲ್ ಆತ್ಮಹತ್ಯೆ ಮಾಡಿಕೊಂಡನು. ಜೂನಿನಲ್ಲಿ ಸಿಕಾರ್ಡ್ಸ್‌ಬುರ್ಗ್ ರೋಗದಿಂದ ತೀರಿಕೊಂಡನು. ಇವೆರಡಕ್ಕೂ ಜನರ ನಾಲಗೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಆದರೆ ಆ ನಾಲಗೆಗೆ ತಡೆಯಿರಲಿಲ್ಲವೆಂಬುದೂ ನಿಜ. ಚಕ್ರವರ್ತಿಯೂ ಕಟ್ಟಡವನ್ನು ಆಕ್ಷೇಪಿಸಿದ್ದನೆಂದೂ, ಈ ದುರಂತದ ತರುವಾಯ ಯಾವ ಹೊಸ ಕೃತಿಯನ್ನು ತೋರಿಸಿದರೂ "ಬಹಳ ಚೆನ್ನಾಗಿದೆ, ನಮಗೆ ಬಹಳ ಸಂತೋಷವಾಯಿತು" ಎಂದಷ್ಟೇ ಹೇಳಿ ಮುಂದೆ ಸಾಗುತ್ತಿದ್ದನೆಂದೂ ಹೇಳಿಕೆಯುಂಟು. 1869ರ ಮೇ 25ರಂದು ಮೋಟ್ಸಾರ್ಟನ 'ಡಾನ್ ಜೊವಾನ್ನಿ'ಯೊಂದಿಗೆ ಮಂದಿರ ತೆರೆದಾಗ ನೋಡಲು ಶಿಲ್ಪಿಗಳಿಬ್ಬರೂ ಇರಲಿಲ್ಲ.

ಕಾಲಕ್ರಮದಲ್ಲಿ ಹಳಿವು ಮರೆತುಹೋಯಿತು. 1897ರಿಂದ 1907ರವರೆಗೆ ನಿರ್ದೇಶಕನಾಗಿದ್ದ ಗುಸ್ಟಾವ್ ಮಾಹ್ಲರನು, ನಾಟಕ ನಡೆಯುವಾಗ ಪ್ರೇಕ್ಷಕಾಂಗಣದ ದೀಪಗಳನ್ನು ಇಳಿಸಿ, ತಡವಾಗಿ ಬಂದವರನ್ನು ಬಾಗಿಲಲ್ಲಿಯೇ ತಡೆದನು. ಈ ಕಟ್ಟುನಿಟ್ಟು ನಮ್ಮ ಸಭೆಗಳಿಗೂ ಬಂದರೆ ಬೇಡವೆನ್ನಲಾರೆವು.

1944ರ ಜೂನ್ 30ರಂದು ವಾಗ್ನರನ, ದೇವತೆಗಳ ಅವಸಾನವನ್ನು ಹೇಳುವ ಗೀತನಾಟಕ ಅಲ್ಲಿ ನಡೆಯಿತು. ಹಳೆಯ ರಂಗದ ಮೇಲೆ ಅದೇ ಕಡೆಯದು. 1945ರ ಮಾರ್ಚ್ 12ರಂದು ಅಮೆರಿಕದ ಬಾಂಬುಗಳು ಬಿದ್ದು ಮಂದಿರ ಉರಿಯಿತು. ರಂಗಸ್ಥಳ, ಪ್ರೇಕ್ಷಕಾಂಗಣ, ನೂರಕ್ಕೂ ಹೆಚ್ಚು ನಾಟಕಗಳ ಪರದೆಗಳು, ಲಕ್ಷಕ್ಕೂ ಮೀರಿದ ಉಡುಪುಗಳು ಬೂದಿಯಾದುವು. ಉಳಿದುದು ಜನ ನಕ್ಕಿದ್ದ ಆ ಮುಂಭಾಗವೇ: ಮುಖಮಂಟಪ, ಅದರ ಭಿತ್ತಿಚಿತ್ರಗಳು, ಮಹಾಸೋಪಾನ.

ಒಳಗಿನದನ್ನು ಎರಿಕ್ ಬೋಲ್ಟನ್‌ಸ್ಟರ್ನ್ ಎಂಬ ಶಿಲ್ಪಿ, ಹಳೆಯ ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಂಡು, ಅಲಂಕಾರವನ್ನು ಮಿತಗೊಳಿಸಿ ಪುನಃ ಕಟ್ಟಿದನು. ಪರರಾಜ್ಯಗಳ ಸೇನೆಗಳು ಆಸ್ಟ್ರಿಯವನ್ನು ಬಿಟ್ಟುಹೋದ 1955ರಲ್ಲಿಯೇ, ನವೆಂಬರ್ 5ರಂದು, ಸೆರೆಯಿಂದ ಬಿಡುಗಡೆಯ ಕಥೆಯಾದ ಬೀಥೋವನನ 'ಫಿಡೇಲಿಯೋ' ನಾಟಕದೊಡನೆ ಮಂದಿರ ಮತ್ತೆ ತೆರೆಯಿತು. ಒಳಗೆ ಸ್ಥಳ ದೊರೆಯದವರು ಹೊರಗೆ ನಿಂತು ಧ್ವನಿವರ್ಧಕಗಳಿಂದ ಕೇಳಿದರು. ರೇಡಿಯೋದಲ್ಲಿಯೂ ಅದು ಪ್ರಸಾರವಾಯಿತು.

ಒಳಗೆ ಹೋದವರು ಹಳೆಯ ಮೆಟ್ಟಿಲುಗಳನ್ನೇ ಏರಿದರು. ಆ ಸೋಪಾನದ ಬಳಿ ಇಬ್ಬರು ಶಿಲ್ಪಿಗಳ ಮುಖಗಳನ್ನು ಕೆತ್ತಿದ ಫಲಕಗಳುಂಟು.