ಮದುವೆ ನಿಗದಿಗೆ ಮೊದಲು ವೀಸಾದ ಮಾತು
(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹರೂಪ)



ಇಂದಿನ ವಿಷಯವನ್ನು ನೀವೇ ಕೇಳಿದ್ದು. ನಮ್ಮ ಕರಾವಳಿಯಲ್ಲಿ ಹೆಣ್ಣು ಮಗಳಿಗೆ ಸಂಬಂಧ ಬಂದಾಗ "ಹುಡುಗ ಹೊರಗಿದ್ದಾನೆ" ಅಂದರೆ ಸಾಕು, ಅರ್ಧ ಮದುವೆ ಮುಗಿದ ಹಾಗೆ. ಮೊದಲು ದುಬಾಯಿ, ಕುವೈತ್ ಎನ್ನುತ್ತಿದ್ದೆವು. ಈಗ ಲಂಡನ್, ಕೆನಡಾ, ಅಮೆರಿಕ ಎಲ್ಲವೂ ಸೇರಿಕೊಂಡಿವೆ. ಮನೆತನ ವಿಚಾರಿಸುತ್ತೇವೆ, ಸಂಬಳ ವಿಚಾರಿಸುತ್ತೇವೆ, ಹುಡುಗ ಕುಡಿಯುತ್ತಾನಾ ಅಂತ ನೆರೆಕರೆಯವರ ಹತ್ತಿರ ಗುಟ್ಟಾಗಿ ಕೇಳುತ್ತೇವೆ. ಆದರೆ ನಮ್ಮ ಮಗಳು ಯಾವ ವೀಸಾದಲ್ಲಿ ಹೋಗುತ್ತಾಳೆ ಅಂತ ಕೇಳುವವರು ಬಹಳ ಕಡಿಮೆ. "ಅದನ್ನೆಲ್ಲ ಅವರೇ ನೋಡಿಕೊಳ್ತಾರೆ ಸಿಸ್ಟರ್" ಎಂದು ತಾಯಂದಿರು ನನಗೆ ಹೇಳುತ್ತಾರೆ.

ಅವರೇ ನೋಡಿಕೊಳ್ಳಲಿ, ತಪ್ಪಿಲ್ಲ. ಆದರೆ ಏನು ನೋಡಿಕೊಂಡಿದ್ದಾರೆ ಎಂಬುದು ನಮಗೂ ಗೊತ್ತಿರಬೇಕು. ಯಾಕೆಂದರೆ ಹೆಂಡತಿಯನ್ನು ಕರೆಸಿಕೊಳ್ಳುವುದಕ್ಕೆ ಪ್ರತಿಯೊಂದು ದೇಶದಲ್ಲೂ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಒಂದು ದಾರಿಯಲ್ಲಿ ಹೋದವಳು ಇಳಿದ ದಿನವೇ ಕೆಲಸಕ್ಕೆ ಸೇರಬಹುದು. ಇನ್ನೊಂದರಲ್ಲಿ ಹೋದವಳು ವರ್ಷಗಟ್ಟಲೆ ನಾಲ್ಕು ಗೋಡೆಯ ಒಳಗೇ ಕೂರಬೇಕು. ಒಂದರಲ್ಲಿ ಗಂಡ ಕೈಬಿಟ್ಟರೂ ಅವಳಿಗೆ ಅಲ್ಲಿ ನಿಲ್ಲುವ ಹಕ್ಕು ಇರುತ್ತದೆ, ಇನ್ನೊಂದರಲ್ಲಿ ಅವನು ಕೈಬಿಟ್ಟ ಕೂಡಲೇ ವಾಪಸು ಬರಬೇಕು. ವರ ಅದೇ, ಊರು ಅದೇ, ವೀಸಾ ಮಾತ್ರ ಬೇರೆ.

ಗಲ್ಫಿನಿಂದ ಶುರು ಮಾಡೋಣ, ಅದು ನಮಗೆ ಪರಿಚಯದ ಜಾಗ. ಅಲ್ಲಿ ಎರಡು ರೀತಿ. ಒಂದು ವಿಸಿಟ್ ವೀಸಾ, ಇನ್ನೊಂದು ಗಂಡ ಜವಾಬ್ದಾರನಾಗಿ ಮಾಡಿಸುವ ಫ್ಯಾಮಿಲಿ ವೀಸಾ. ಯುಎಇಯಲ್ಲಿ ಹೆಂಡತಿಗೆ ವಾಸದ ವೀಸಾ ಮಾಡಿಸಲು ಗಂಡನಿಗೆ ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಕುವೈತಿನಲ್ಲಿ 2024ರಲ್ಲಿ ಫ್ಯಾಮಿಲಿ ವೀಸಾ ಮತ್ತೆ ತೆರೆದಾಗ 800 ದಿನಾರ್ ಸಂಬಳ ಬೇಕೆಂದು ನಿಗದಿ ಮಾಡಿದರು. ನಮ್ಮ ಎಷ್ಟು ಹುಡುಗರಿಗೆ ಅಷ್ಟು ಸಂಬಳ ಇದೆ? ಹಾಗಾಗಿ "ಸದ್ಯಕ್ಕೆ ವಿಸಿಟ್‌ನಲ್ಲಿ ಬರಲಿ, ಆಮೇಲೆ ಮಾಡಿಸುವ" ಎಂಬ ಮಾತು ಬರುತ್ತದೆ. ವಿಸಿಟ್‌ನಲ್ಲಿ ಹೋದವಳು ಕೆಲಸ ಮಾಡುವ ಹಾಗಿಲ್ಲ, ಅವಧಿ ಮುಗಿದರೆ ದಿನ ಲೆಕ್ಕದಲ್ಲಿ ದಂಡ ಬೀಳುತ್ತದೆ. ಎರಡು ತಿಂಗಳು ಹೋಗಿ ನೋಡಿ ಬರಲಿಕ್ಕಾದರೆ ಅದು ಒಳ್ಳೆಯದೇ. ಸಂಸಾರ ಹೂಡಲಿಕ್ಕೆ ಅದು ದಾರಿಯಲ್ಲ. ಫ್ಯಾಮಿಲಿ ವೀಸಾದಲ್ಲೂ ಅವಳ ವಾಸ ಗಂಡನ ವೀಸಾಕ್ಕೆ ಕಟ್ಟಿಕೊಂಡಿರುತ್ತದೆ, ಅವನು ರದ್ದು ಮಾಡಿಸಬಹುದು. ಆದರೆ ಯುಎಇ 2018ರಲ್ಲಿ ಒಂದು ಒಳ್ಳೆಯ ಬದಲಾವಣೆ ತಂದಿತು. ವಿಧವೆಯಾದವಳಿಗೂ ವಿಚ್ಛೇದನ ಆದವಳಿಗೂ ಬೇರೆ ಜವಾಬ್ದಾರರಿಲ್ಲದೆಯೇ ಒಂದು ವರ್ಷ ಅಲ್ಲಿರಲು ಅವಕಾಶ ಕೊಟ್ಟಿತು. ಇದು ನಮ್ಮ ಹೆಚ್ಚಿನ ಹೆಂಗಸರಿಗೆ ಗೊತ್ತೇ ಇಲ್ಲ.

ಇನ್ನು ಅಮೆರಿಕ. "ಹುಡುಗ ಅಮೆರಿಕದಲ್ಲಿದ್ದಾನೆ" ಎಂಬ ಮಾತಿಗೆ ನಾಲ್ಕು ಅರ್ಥ ಇದೆ ಸಹೋದರಿಯರೇ. ಅವನು ಅಲ್ಲಿನ ಪ್ರಜೆ ಆಗಿರಬಹುದು, ಗ್ರೀನ್ ಕಾರ್ಡ್ ಇರುವವ ಆಗಿರಬಹುದು, ಎಚ್-1ಬಿ ಕೆಲಸದ ವೀಸಾದವ ಆಗಿರಬಹುದು, ಬರೀ ವಿದ್ಯಾರ್ಥಿಯೂ ಆಗಿರಬಹುದು. ಮಗಳ ಬದುಕು ಈ ನಾಲ್ಕರಲ್ಲಿ ಯಾವುದು ಎಂಬುದರ ಮೇಲೆ ನಿಂತಿದೆ.

ಪ್ರಜೆಯಾಗಿದ್ದರೆ ಎರಡು ದಾರಿ. ಒಂದು ಕೆ-1, ಅಂದರೆ ನಿಶ್ಚಿತಾರ್ಥ ಆದವಳಿಗೆ ಕೊಡುವ ವೀಸಾ. ಇಬ್ಬರೂ ಹಿಂದಿನ ಎರಡು ವರ್ಷದೊಳಗೆ ಮುಖತಃ ಭೇಟಿಯಾಗಿರಬೇಕು, ಅಲ್ಲಿ ಇಳಿದ 90 ದಿನದೊಳಗೆ ಅದೇ ಹುಡುಗನನ್ನು ಮದುವೆಯಾಗಬೇಕು. ಆಗದಿದ್ದರೆ ಮರಳಬೇಕು, ಬೇರೆಯವನನ್ನು ಮದುವೆಯಾಗಿ ಅಲ್ಲೇ ನಿಲ್ಲುತ್ತೇನೆ ಅಂದರೆ ನಡೆಯುವುದಿಲ್ಲ. ಇನ್ನೊಂದು ಇಲ್ಲಿ ಮದುವೆಯಾಗಿ ಹೆಂಡತಿಯಾಗಿಯೇ ಹೋಗುವ ವೀಸಾ. ಅದಕ್ಕೆ ಕಾಯಬೇಕು, ಕಾಗದಪತ್ರ ಜಾಸ್ತಿ. ಆದರೆ ಇಳಿಯುವಾಗಲೇ ಅವಳು ಗ್ರೀನ್ ಕಾರ್ಡಿನವಳು, ಕೆಲಸ ಮಾಡಬಹುದು. ನನ್ನನ್ನು ಕೇಳಿದರೆ ಎರಡನೆಯದೇ ಮೇಲು. ನಮ್ಮಲ್ಲಿ ರೋಸ್ ಶಾಸ್ತ್ರ, ಮದುವೆ, ಔತಣ ಎಲ್ಲ ಊರಿನಲ್ಲೇ ಆಗಬೇಕು ತಾನೇ? ಹಾಗೆ ಇಲ್ಲಿ ಮದುವೆ ಆದ ಮೇಲೆ ಕೆ-1 ಹೇಗೂ ಸಿಗುವುದಿಲ್ಲ. ಹುಡುಗನ ಕಡೆಯವರು "ಮದುವೆಯೂ ಇಲ್ಲೇ, ವೀಸಾವೂ ಕೆ-1" ಅಂದರೆ ಅವರಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಇಲ್ಲೊಂದು ವಿಷಯ ಗಟ್ಟಿಯಾಗಿ ನೆನಪಿಡಿ. ಅಲ್ಲಿ ಇಳಿಯುವಾಗ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಅರ್ಜಿ ಕೊಡಬೇಕು. ಹೊಡೆಯುವ ಗಂಡಂದಿರು ಇದನ್ನೇ ಹಿಡಿದು "ನಾನು ಸಹಿ ಹಾಕಲಿಲ್ಲ ಅಂದರೆ ನಿನ್ನನ್ನು ಓಡಿಸ್ತಾರೆ" ಅಂತ ಹೆದರಿಸುವುದು. ಅದು ಪೂರ್ತಿ ನಿಜವಲ್ಲ. ಹಿಂಸೆ ಇದ್ದರೆ, ಅಥವಾ ಪ್ರಾಮಾಣಿಕವಾಗಿ ಆದ ಮದುವೆ ಮುರಿದಿದ್ದರೆ, ಅವಳೊಬ್ಬಳೇ ಅರ್ಜಿ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಗಂಡ ಸರಕಾರಕ್ಕೆ ಬರೆದುಕೊಟ್ಟ ಪೋಷಣೆಯ ಮುಚ್ಚಳಿಕೆಯೂ ವಿಚ್ಛೇದನ ಆದ ಮಾತ್ರಕ್ಕೆ ಮುಗಿಯುವುದಿಲ್ಲ.

ಗ್ರೀನ್ ಕಾರ್ಡ್ ಮಾತ್ರ ಇರುವವನ ಹೆಂಡತಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಸಾಲಿನಲ್ಲಿ ನಿಲ್ಲಬೇಕು. ಮದುವೆಯಾದ ಮಗಳು ವರ್ಷಗಟ್ಟಲೆ ತವರಿನಲ್ಲಿ ಕೂತರೆ ಊರಿನವರು ಏನೇನು ಮಾತಾಡ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಗ ಯಾರಾದರೂ ಒಬ್ಬರು ಉಪಾಯ ಹೇಳುತ್ತಾರೆ, ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡಲಿ ಅಂತ. ದಯವಿಟ್ಟು ಬೇಡ. ಸಂದರ್ಶನದಲ್ಲಿ "ತಿರುಗಾಡಿ ಬರುತ್ತೇನೆ" ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದೆ ಸರಿಯಾದ ವೀಸಾಕ್ಕೂ ಬಾಗಿಲು ಮುಚ್ಚಬಹುದು.

ಎಚ್-1ಬಿ ಹುಡುಗನ ಹೆಂಡತಿ ಹೋಗುವುದು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ. ಬೇಗ ಸಿಗುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಸಂಪಾದಿಸುತ್ತಿದ್ದ ಹುಡುಗಿ ಅಲ್ಲಿ ಹೋಗಿ ಕೈಕಟ್ಟಿ ಕೂರುತ್ತಾಳೆ. 2015ರ ನಿಯಮದಂತೆ ಕೆಲಸದ ಪರವಾನಗಿ ಸಿಗುವುದು ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಮಾತ್ರ. ಗಂಡನ ಕೆಲಸ ಹೋದರೆ ಅವಳ ವೀಸಾವೂ ಹೋಯಿತು, ವಿಚ್ಛೇದನ ಆದರೂ ಹೋಯಿತು. ಹಾಗಂತ ಎಚ್-1ಬಿ ಹುಡುಗ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಅವನ ಗ್ರೀನ್ ಕಾರ್ಡ್ ಅರ್ಜಿ ಎಲ್ಲಿದೆ ಅಂತ ಕೇಳಿ. ಕೇಳಿದರೆ ಬೀಗರು ಮುನಿಸಿಕೊಳ್ಳುತ್ತಾರಾ? ನಮ್ಮ ಮಗಳ ಸಂಬಳದ ಚೀಟಿ ಕೇಳುವಾಗ ಅವರಿಗೆ ಸಂಕೋಚ ಇರಲಿಲ್ಲ.

ಇಂಗ್ಲೆಂಡಿಗೆ ನಮ್ಮ ನರ್ಸ್ ಹುಡುಗಿಯರೇ ಹೆಚ್ಚು ಹೋಗಿದ್ದಾರೆ. ಅಲ್ಲಿ ಕತೆ ತಿರುವುಮುರುವು, ಹೆಂಡತಿಯೇ ಗಂಡನನ್ನು ಕರೆಸುವುದು. ನೋಂದಾಯಿತ ನರ್ಸ್ ಆಗಿ ಹೋದವಳು ಗಂಡ ಮಕ್ಕಳನ್ನು ಕರೆಸಿಕೊಳ್ಳಬಹುದು. ಆದರೆ "ಕೇರರ್", ಅಂದರೆ ವೃದ್ಧರ ಆರೈಕೆಯ ಕೆಲಸದವರು, 2024ರ ಮಾರ್ಚ್ 11ರ ನಂತರ ಆ ವೀಸಾ ಪಡೆದಿದ್ದರೆ ಕುಟುಂಬವನ್ನು ಕರೆಸುವ ಹಾಗಿಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರರ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಈಗಲೂ ಯಾವುದಾದರೂ ಏಜೆಂಟ್ ಬಂದು "ಕೇರರ್ ವೀಸಾ, ಫ್ಯಾಮಿಲಿ ಸಮೇತ, ಇಷ್ಟು ಲಕ್ಷ" ಅಂದರೆ ಹತ್ತಿರ ಸೇರಿಸಬೇಡಿ. ವಿದ್ಯಾರ್ಥಿಗಳದ್ದೂ ಹಾಗೇ. 2024ರ ಜನವರಿಯಿಂದ ಶುರುವಾದ ಕೋರ್ಸುಗಳಲ್ಲಿ ಸಂಶೋಧನೆ ಮಾಡುವವರು ಮುಂತಾದ ಕೆಲವರನ್ನು ಬಿಟ್ಟರೆ ಉಳಿದವರಿಗೆ ಗಂಡ ಅಥವಾ ಹೆಂಡತಿಯನ್ನು ಕರೆದೊಯ್ಯಲು ಆಗುವುದಿಲ್ಲ.

ಹುಡುಗ ಅಲ್ಲಿನ ಪ್ರಜೆ ಅಥವಾ ಕಾಯಂ ವಾಸಿ ಆಗಿದ್ದರೆ ಅವನ ಆದಾಯ ವರ್ಷಕ್ಕೆ 29,000 ಪೌಂಡ್ ಇರಬೇಕು. 2024ರ ಏಪ್ರಿಲ್ 11ಕ್ಕೆ ಮೊದಲು 18,600 ಇತ್ತು, ಅದು ಒಮ್ಮೆಲೇ ಏರಿದೆ. ಇಲ್ಲಿಂದ ಅರ್ಜಿ ಹಾಕುವಾಗ ನಮ್ಮ ಮಗಳ ಇಲ್ಲಿನ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಹೆಂಡತಿಯ ವೀಸಾ ಮೊದಲ ಸಲ 2 ವರ್ಷ 9 ತಿಂಗಳಿಗೆ, ಕೆಲಸ ಮಾಡಬಹುದು. ನಿಶ್ಚಿತಾರ್ಥದ ವೀಸಾ ಆದರೆ 6 ತಿಂಗಳು, ಕೆಲಸ ಮಾಡುವ ಹಾಗಿಲ್ಲ, ಆಮೇಲೆ ಪುನಃ ಅರ್ಜಿ, ಪುನಃ ಹಣ. ಹಣ ಅಂದೆನಲ್ಲ, ಅರ್ಜಿಯ ಶುಲ್ಕ ಬೇರೆ, ಆರೋಗ್ಯದ ಶುಲ್ಕ ಬೇರೆ. 2024ರ ಫೆಬ್ರವರಿಯಲ್ಲಿ ಅದನ್ನು ವರ್ಷಕ್ಕೆ 1,035 ಪೌಂಡ್ ಮಾಡಿದರು. ಹೆಂಡತಿಯ ವೀಸಾಕ್ಕೆ ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು, ನಮ್ಮ ಲೆಕ್ಕದಲ್ಲಿ ಮೂರು ಲಕ್ಷದ ಮೇಲಾಯಿತು. ಇದನ್ನು ಯಾರು ಕಟ್ಟುವುದು ಎಂಬ ಮಾತು ನಿಶ್ಚಿತಾರ್ಥಕ್ಕೆ ಮೊದಲೇ ಆಗಬೇಕು. ವರದಕ್ಷಿಣೆ ಬೇಡ ಅಂದವರು ವೀಸಾ ಖರ್ಚು ಅಂತ ಕೈ ಚಾಚಿದರೆ ಅದೂ ವರದಕ್ಷಿಣೆಯೇ.

ಕೆನಡಾದಲ್ಲಿ ಪ್ರಜೆ ಅಥವಾ ಕಾಯಂ ವಾಸಿ ಹೆಂಡತಿಗಾಗಿ ಅರ್ಜಿ ಹಾಕಿದರೆ ಅವಳು ಕಾಯಂ ವಾಸಿಯಾಗಿಯೇ ಇಳಿಯುತ್ತಾಳೆ. ಎರಡು ವರ್ಷ ಗಂಡನ ಜೊತೆ ಇರಲೇಬೇಕು ಎಂಬ ಷರತ್ತು 2012ರಲ್ಲಿ ಬಂದಿತ್ತು, 2017ರ ಏಪ್ರಿಲಿನಲ್ಲಿ ತೆಗೆದುಹಾಕಿದರು. ಹಾಗಾಗಿ ಪ್ರಾಮಾಣಿಕವಾಗಿ ಮದುವೆಯಾಗಿ ಹೋದವಳ ಹತ್ತಿರ ಅಲ್ಲಿನ ಗಂಡ "ನಿನ್ನ ವೀಸಾ ಕ್ಯಾನ್ಸಲ್ ಮಾಡ್ತೇನೆ" ಅಂದರೆ ಅದು ಬರೀ ಬೆದರಿಕೆ. ಆದರೆ ಗಂಡ ಅಲ್ಲಿ ಓದುತ್ತಿರುವವನಾದರೆ ಹೆಂಡತಿಗೆ ಸಿಗುವ ಕೆಲಸದ ಪರವಾನಗಿಯನ್ನು 2025ರ ಜನವರಿ 21ರಿಂದ ಬಿಗಿ ಮಾಡಿದ್ದಾರೆ. ಅವನು 16 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಸ್ನಾತಕೋತ್ತರ ಪದವಿ, ಡಾಕ್ಟರೇಟ್, ಇಲ್ಲವೇ ಗೊತ್ತುಮಾಡಿದ ಕೆಲವು ವೃತ್ತಿ ಕೋರ್ಸು ಓದುತ್ತಿರಬೇಕು. ಯಾವುದೋ ಡಿಪ್ಲೊಮಾ ಓದುತ್ತಾ "ಹೆಂಡತಿ ದುಡಿದು ಫೀಸ್ ಕಟ್ಟುತ್ತಾಳೆ" ಅಂತ ಲೆಕ್ಕ ಹಾಕಿದ ಹುಡುಗರಿಗೆ ಈಗ ಲೆಕ್ಕ ತಪ್ಪಿದೆ. ಅಂಥ ಸಂಬಂಧಗಳ ಬಗ್ಗೆ ಎರಡು ಸಲ ಯೋಚಿಸಿ.

ದಾರಿ ಯಾವುದೇ ಆಗಲಿ, ಕಾಗದ ಗಟ್ಟಿಯಿರಬೇಕು. ಚರ್ಚಿನ ಮದುವೆ ಪುಸ್ತಕದಲ್ಲಿ ಬರೆದಾಯಿತು, ದೇವಸ್ಥಾನದ ರಶೀದಿ ಇದೆ ಅಂತ ಸುಮ್ಮನಿರಬೇಡಿ. ನಮ್ಮ ರಾಜ್ಯದ 1976ರ ವಿವಾಹ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಿ, ಹುಡುಗನ ರಜೆ ಮುಗಿಯುವ ಮೊದಲೇ ಉಪನೋಂದಣಿ ಕಚೇರಿಗೆ ಹೋಗಿ ಬನ್ನಿ. ಅನಿವಾಸಿ ಭಾರತೀಯರ ಮದುವೆ ನೋಂದಣಿ ಕಡ್ಡಾಯ ಮಾಡುವ ಮಸೂದೆ 2019ರಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾನೂನಾಗಲಿಲ್ಲ. ಆದ್ದರಿಂದ ನಾವೇ ಎಚ್ಚರ ವಹಿಸಬೇಕು. ಹುಡುಗನಿಗೆ ಮೊದಲು ಮದುವೆಯಾಗಿ ಬಿಟ್ಟಿದ್ದರೆ ವಿಚ್ಛೇದನದ ಆದೇಶದ ಪ್ರತಿ ಕೇಳಿ ಪಡೆಯಿರಿ, ಯಾವ ವೀಸಾ ಅಧಿಕಾರಿಯೂ ಅದನ್ನು ಕೇಳದೆ ಬಿಡುವುದಿಲ್ಲ. ನಾವು ಕೇಳಿದರೆ ಏನು ತಪ್ಪು?

ಅವನ ಪಾಸ್‌ಪೋರ್ಟ್, ವೀಸಾ ಅಥವಾ ಕಾರ್ಡಿನ ಪ್ರತಿ, ಕೆಲಸದ ವಿಳಾಸ, ಮನೆಯ ವಿಳಾಸ ಇಷ್ಟೂ ಒಂದು ಸೆಟ್ ತಾಯಿಯ ಮನೆಯಲ್ಲಿರಲಿ. ಮಗಳ ಪಾಸ್‌ಪೋರ್ಟ್ ಮಗಳ ಕೈಯಲ್ಲೇ ಇರಬೇಕು, ಅತ್ತೆಯ ಕಪಾಟಿನಲ್ಲಿ ಅಲ್ಲ. ನಿಶ್ಚಿತಾರ್ಥದ, ಮದುವೆಯ ಫೋಟೋ, ಇಬ್ಬರೂ ಮಾತಾಡಿದ ಮೆಸೇಜುಗಳು ಅಳಿಸದೆ ಇರಲಿ. ಮೂರು ವಾರದ ರಜೆಯಲ್ಲಿ ನೋಡಿ, ಒಪ್ಪಿ, ಮದುವೆಯಾಗಿ ಹೋಗುವ ನಮ್ಮ ಪದ್ಧತಿ ವೀಸಾ ಅಧಿಕಾರಿಗಳಿಗೆ ಅರ್ಥವಾಗುವುದು ಕಷ್ಟ. ನಿಜವಾದ ಮದುವೆ ಎಂಬುದಕ್ಕೆ ಅವರು ಕೇಳುವುದು ಇಂಥ ಸಾಕ್ಷಿಗಳನ್ನೇ.

ಇಷ್ಟೆಲ್ಲ ಮಾಡಿಯೂ ಕಷ್ಟ ಬಂದರೆ? ಇಂಗ್ಲೆಂಡಿನಲ್ಲಿ ಅಲ್ಲಿನ ಪ್ರಜೆಯ ಅಥವಾ ಕಾಯಂ ವಾಸಿಯ ಹೆಂಡತಿಯಾಗಿ ಹೋದವಳು ಹಿಂಸೆಗೆ ಒಳಗಾದರೆ ತನ್ನ ಹೆಸರಲ್ಲೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಕೆಲಸದ ವೀಸಾದವನ ಹೆಂಡತಿಗೆ ಅಷ್ಟಿಲ್ಲ, ಮೂರು ತಿಂಗಳ ತಾತ್ಕಾಲಿಕ ರಕ್ಷಣೆ ಮಾತ್ರ. ನೋಡಿ, ಇಲ್ಲೂ ಪುನಃ ವೀಸಾ ಯಾವುದು ಎಂಬ ಪ್ರಶ್ನೆಗೇ ಬಂದೆವು. ಯಾವ ದೇಶದಲ್ಲಿದ್ದರೂ ಭಾರತೀಯ ರಾಯಭಾರ ಕಚೇರಿಗೆ ಹೋಗಬಹುದು, ಅಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ. ಗಂಡ ಬಿಟ್ಟುಹೋದ ಹೆಂಗಸರಿಗೆ ವಕೀಲರ ಖರ್ಚಿಗೆ ಅದರಿಂದ ನೆರವು ಕೊಡಲು ಅವಕಾಶವಿದೆ. ಇಲ್ಲಿಂದ ತಾಯಂದಿರು ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯರ ಘಟಕಕ್ಕೆ ದೂರು ಬರೆಯಬಹುದು. ಮಗಳು ವಾಪಸು ಬಂದಿದ್ದರೆ, ಗಂಡ ಅಲ್ಲೆಲ್ಲೋ ಇದ್ದಾನೆ, ಇಲ್ಲಿ ಕೇಸ್ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಂಡನ ಮನೆಯ ಹಿಂಸೆ ತಾಳದೆ ಬಂದವಳು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿದೆ. 181 ಮಹಿಳಾ ಸಹಾಯವಾಣಿ ಎಲ್ಲರಿಗೂ ಗೊತ್ತಿರಲಿ.

ಕೊನೆಗೆ ಸಂಘದ ಕೆಲಸ. ಮದುವೆ ಸಾಲದ ಅರ್ಜಿ ಬಂದಾಗ ನಾವು ಜಾಮೀನು ಯಾರು, ಕಂತು ಎಷ್ಟು ಅಂತ ಕೇಳಿ ನಿರ್ಣಯ ಪುಸ್ತಕದಲ್ಲಿ ಬರೆಯುತ್ತೇವೆ. ವರ ಪರದೇಶದಲ್ಲಿದ್ದರೆ ಇನ್ನು ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿ ಬರೆಯಿರಿ. ಹುಡುಗ ಅಲ್ಲಿ ಯಾವ ವೀಸಾದಲ್ಲಿದ್ದಾನೆ, ಹುಡುಗಿ ಯಾವ ವೀಸಾದಲ್ಲಿ ಹೋಗುತ್ತಾಳೆ, ಅದರಲ್ಲಿ ಕೆಲಸ ಮಾಡಬಹುದಾ ಅಂತ. ಸಾಲ ತಡೆಯಲಿಕ್ಕೆ ಅಲ್ಲ ಇದು. ತಾಯಿ ಒಬ್ಬಳೇ ಬೀಗರ ಮುಂದೆ ಕೇಳಲು ಹೆದರುತ್ತಾಳೆ, "ಸಂಘದಲ್ಲಿ ಕೇಳ್ತಾರೆ" ಅಂತ ಹೇಳಿದರೆ ಅವಳಿಗೆ ಬಾಯಿ ಬರುತ್ತದೆ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಅರ್ಜಿ ಹಾಕುವ ವಾರದಲ್ಲಿ ಆ ದೇಶದ ಸರಕಾರದ ವೆಬ್‌ಸೈಟನ್ನು ಓದಿದ ಮಕ್ಕಳಿಂದ ಒಮ್ಮೆ ತೆಗೆಸಿ ನೋಡಿ, ಏಜೆಂಟನ ಬಾಯಿಮಾತು ಸಾಲದು. ಯಾರ ಮನೆಯಲ್ಲಾದರೂ ಈಗ ಇಂಥ ಸಂಬಂಧದ ಮಾತುಕತೆ ನಡೆಯುತ್ತಿದ್ದರೆ ಊಟದ ನಂತರ ನನ್ನ ಹತ್ತಿರ ಬನ್ನಿ. ಕಾಗದಗಳ ಜೆರಾಕ್ಸ್ ಮಾತ್ರ ತನ್ನಿ, ಮೂಲ ಪ್ರತಿ ಮನೆಯಲ್ಲೇ ಇರಲಿ.