ಪಗಾರ ಕೇಳಿ ದೇವಸ್ಥಾನದಲ್ಲಿ ಕೂತವರು: ಲಕ್ಸರ್‌ನಲ್ಲಿ ನಾಲ್ಕು ದಿನ



ಕಳೆದ ಎರಡು ಸಂಚಿಕೆಗಳಲ್ಲಿ ಕೈರೋ, ಗಿಜಾ, ಪಿರಮಿಡ್ ಅಂತ ಸುತ್ತಾಡಿಸಿದ್ದೆ. ಲಕ್ಸರ್ ಯಾವಾಗ ಅಂತ ತುಂಬಾ ಜನ ಕೇಳಿದ್ರಿ. ಇವತ್ತು ಅದೇ. ಆದ್ರೆ ಮೊದಲೇ ಹೇಳಿಬಿಡ್ತೀನಿ, ಈ ಸಂಚಿಕೆಯಲ್ಲಿ ರಾಜರು ಕಡಿಮೆ, ಪಗಾರದ ಮಾತು ಜಾಸ್ತಿ. ನಾನು ಓದಿದ್ದು ಬಿ.ಕಾಂ., ಇತಿಹಾಸ ನನಗೆ ಬರೀ ಹುಚ್ಚು. ಎಲ್ಲಿಗೆ ಹೋದ್ರೂ ಕಣ್ಣು ಲೆಕ್ಕದ ಕಡೆಗೇ ಓಡತ್ತೆ. ಏನ್ ಮಾಡೋಕಾಗತ್ತೆ?

ಮೊದಲು ಊರಿನ ನಕ್ಷೆ. ಲಕ್ಸರ್ ಅಂದ್ರೆ ಹಳೆಯ ಥೀಬ್ಸ್. ಮಧ್ಯದಲ್ಲಿ ನೈಲ್ ನದಿ. ಪೂರ್ವ ದಂಡೆಯಲ್ಲಿ ಕಾರ್ನಾಕ್ ಮತ್ತು ಲಕ್ಸರ್ ದೇವಸ್ಥಾನಗಳು. ಪಶ್ಚಿಮ ದಂಡೆಯಲ್ಲಿ ಒಣ ಬೆಟ್ಟ, ಅದರೊಳಗೆ ರಾಜರ ಸಮಾಧಿಗಳು, ಬೆಟ್ಟದ ಬುಡದಲ್ಲಿ ಸತ್ತ ರಾಜರ ಪೂಜೆಗೆ ಕಟ್ಟಿಸಿದ ದೇವಸ್ಥಾನಗಳು. ನಾನೂ ನನ್ನ ಕಾಲೇಜು ಗೆಳತಿಯೂ ನಾಲ್ಕು ದಿನ ಇದ್ದಿದ್ದು ಇಲ್ಲೇ.

ಮೊದಲ ದಿನ ಕಾರ್ನಾಕ್. ಅಲ್ಲಿನ ದೊಡ್ಡ ಕಂಬಗಳ ಮಂಟಪದಲ್ಲಿ 134 ಕಂಬಗಳಿವೆ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರ. ಅಂದ್ರೆ ಏಳಂತಸ್ತಿನ ಕಟ್ಟಡದಷ್ಟು. ಕತ್ತೆತ್ತಿ ಎತ್ತಿ ನೋವು ಬಂತು. ಬಾಯಿಂದ ಮಾತೇ ಹೊರಡಲಿಲ್ಲ, ಸುಳ್ಳು ಹೇಳಲ್ಲ.

ಸಂಜೆ ಲಕ್ಸರ್ ದೇವಸ್ಥಾನ. ಅದರ ಮುಂಭಾಗದ ಗೋಪುರದ ಗೋಡೆ ಪೂರ್ತಿ ಒಂದು ಯುದ್ಧದ ಚಿತ್ರ. ಕ್ರಿ.ಪೂ. 1274ರ ಸುಮಾರಿಗೆ ನಡೆದ ಕಾದೇಶ್ ಯುದ್ಧ. 2ನೇ ರಾಮೆಸಿಸ್ ರಥದ ಮೇಲೆ ನಿಂತು ಬಿಲ್ಲು ಎಳೀತಿದಾನೆ, ಹಿಟ್ಟೈಟ್ ಸೈನಿಕರು ದಿಕ್ಕಾಪಾಲಾಗಿ ಬೀಳ್ತಿದಾರೆ. ಇದೇ ಚಿತ್ರ ಅಬು ಸಿಂಬೆಲ್‌ನಲ್ಲೂ ಇದೆ, ಅಬೈಡೋಸ್‌ನಲ್ಲೂ ಇದೆ. ಆದ್ರೆ ಆ ಯುದ್ಧವನ್ನ ರಾಮೆಸಿಸ್ ಗೆಲ್ಲಲಿಲ್ಲ! ಕಾದೇಶ್ ಊರು ಅವನ ಕೈಗೆ ಬರಲೇ ಇಲ್ಲ. ಸುಮಾರು 15 ವರ್ಷದ ನಂತರ ಎರಡೂ ಕಡೆಯವರು ಸಂಧಾನ ಮಾಡ್ಕೊಂಡ್ರು. ಆ ಒಪ್ಪಂದವನ್ನೂ ಕಾರ್ನಾಕ್‌ನ ಒಂದು ಗೋಡೆ ಮೇಲೆ ಕೆತ್ತಿಸಿದಾರೆ.

ನೀವು ಕಂಪನಿಗಳ ವಾರ್ಷಿಕ ವರದಿ ನೋಡಿದ್ದೀರಾ? ಮೊದಲ ಪುಟಗಳಲ್ಲಿ ಹೊಳೆಯೋ ಕಾಗದ, ಚೇರ್ಮನ್ ಫೋಟೋ, "ಈ ವರ್ಷ ಅದ್ಭುತ ಸಾಧನೆ". ನಮ್ಮ ಮೇಷ್ಟ್ರು ಯಾವಾಗ್ಲೂ ಹೇಳೋರು, ಅದನ್ನ ಬಿಟ್ಟು ಹಿಂದಿನ ಪುಟಕ್ಕೆ ಹೋಗಿ, ಸಣ್ಣ ಅಕ್ಷರದಲ್ಲಿರೋ ನೋಟ್ಸ್ ಟು ಅಕೌಂಟ್ಸ್ ಓದಿ ಅಂತ. ಲಕ್ಸರ್‌ನ ಗೋಡೆಗಳು ನನಗೆ ಆ ಹೊಳೆಯೋ ಪುಟಗಳ ಹಾಗೆ ಕಂಡವು. ಸಣ್ಣ ಅಕ್ಷರ ಎಲ್ಲಿದೆ? ಅದು ನದಿಯ ಆಚೆ ದಂಡೆಯಲ್ಲಿತ್ತು.

ಎರಡನೇ ದಿನ ಬೆಳಿಗ್ಗೆ ಊರ ಜನರ ಜೊತೆ ದೋಣಿ ಹತ್ತಿ ಪಶ್ಚಿಮ ದಂಡೆಗೆ ದಾಟಿದ್ವಿ. ಬಾಡಿಗೆ ಸೈಕಲ್ ಹಿಡಿದು ಕಬ್ಬಿನ ಗದ್ದೆ ಪಕ್ಕದಲ್ಲೇ ಹೊರಟ್ವಿ. ಅರೆ, ನಮ್ಮ ಮುಧೋಳದ ದಾರಿ ಇದ್ದಂಗಿದೆಯಲ್ಲ ಅನಿಸ್ತು. ಮೆಮ್ನಾನ್‌ನ ಎರಡು ದೈತ್ಯ ಮೂರ್ತಿಗಳನ್ನು ದಾಟಿ ಮೆದೀನತ್ ಹಾಬು ತಲುಪಿದ್ವಿ. ಇದು 3ನೇ ರಾಮೆಸಿಸ್‌ನ ದೇವಸ್ಥಾನ. ಕೆಲವು ಕಡೆ ಬಣ್ಣ ಇನ್ನೂ ಹಾಗೇ ಉಳಿದಿದೆ.

ಇಲ್ಲಿ ಒಂದು ಗೋಡೆ ಮುಂದೆ ನಾನು ಸುಮ್ಮನೆ ನಿಂತುಬಿಟ್ಟೆ. ಯುದ್ಧದಲ್ಲಿ ಸತ್ತ ಶತ್ರುಗಳ ಕೈ ಕತ್ತರಿಸಿ ರಾಶಿ ಹಾಕಿದಾರೆ. ಪಕ್ಕದಲ್ಲಿ ಗುಮಾಸ್ತರು ನಿಂತು ಎಣಿಸಿ ಬರ್ಕೊಳ್ತಿದಾರೆ. ಲೆಕ್ಕ ತಪ್ಪಬಾರದಲ್ಲ! ಹೊರಗೆ ದಕ್ಷಿಣದ ಗೋಡೆಗೆ ಹೋದ್ರೆ ಇನ್ನೊಂದು ಲೆಕ್ಕ. ವರ್ಷದ ಯಾವ ಹಬ್ಬಕ್ಕೆ ದೇವರಿಗೆ ಎಷ್ಟು ರೊಟ್ಟಿ, ಎಷ್ಟು ಹೂಜಿ ಬಿಯರ್, ಎಷ್ಟು ಬಾತುಕೋಳಿ, ಎಷ್ಟು ಎತ್ತು ಅಂತ ಸಾಲು ಸಾಲಾಗಿ ಕೆತ್ತಿರೋ ಪಂಚಾಂಗ. ದೇವರಿಗೆ ಒಂದು ದಿನವೂ ಉಪವಾಸ ಇಲ್ಲ.

ಈ ಪಟ್ಟಿಯನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಮುಂದೆ ಬೇಕಾಗತ್ತೆ.

ಮೂರನೇ ದಿನ ಹೋಗಿದ್ದು ದೇರ್ ಅಲ್ ಮದೀನಾ. ಪ್ರವಾಸಿ ಬಸ್ಸುಗಳು ಹೆಚ್ಚಾಗಿ ರಾಜರ ಕಣಿವೆಗೆ ಹೋಗ್ತವೆ, ಇಲ್ಲಿ ಜನ ಕಡಿಮೆ. ಇದು ರಾಜರ ಸಮಾಧಿಗಳನ್ನು ಕೊರೆದು, ಬಣ್ಣ ಬಳಿದ ಕೆಲಸಗಾರರ ಊರು. ಎರಡು ಒಣ ಗುಡ್ಡಗಳ ನಡುವೆ, ಒಂದು ಸುತ್ತುಗೋಡೆಯೊಳಗೆ ಸುಮಾರು 70 ಮನೆ. ಈಗ ಗೋಡೆಗಳು ಸೊಂಟದವರೆಗೆ ಉಳಿದಿವೆ, ಅಷ್ಟೇ. ಆದ್ರೆ ನಡುವಿನ ಓಣಿಯಲ್ಲಿ ನಡೀತಾ ಇದು ಪಡಸಾಲೆ, ಇದು ಅಡುಗೆಮನೆ, ಇದು ಮಾಳಿಗೆಗೆ ಹೋಗೋ ಮೆಟ್ಟಿಲು ಅಂತ ಗುರುತು ಹಿಡೀಬಹುದು. ನೀರು ಇಲ್ಲ. ನೈಲ್ ಕಡೆಯಿಂದ ಕತ್ತೆಗಳ ಮೇಲೆ ಹೇರಿ ತರಬೇಕಿತ್ತು. ಹತ್ತು ದಿನಕ್ಕೊಂದು ವಾರ, ಎಂಟು ದಿನ ಕೆಲಸ, ಎರಡು ದಿನ ರಜೆ.

ಊರ ಪಕ್ಕದಲ್ಲಿ ಒಂದು ಭಾರಿ ಗುಂಡಿ ಇದೆ, ಸುಮಾರು 50 ಮೀಟರ್ ಆಳ. ನೀರಿಗಾಗಿ ತೋಡಿದ್ದಂತೆ. ನೀರು ಬರಲಿಲ್ಲ, ಕಸ ಹಾಕಿದ್ರು. 20ನೇ ಶತಮಾನದಲ್ಲಿ ಬರ್ನಾರ್ ಬ್ರುಯೇರ್ ಅನ್ನೋ ಫ್ರೆಂಚ್ ಪುರಾತತ್ವಜ್ಞ ಇಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿದ. ಆ ಕಸದಲ್ಲಿ ಸಾವಿರಾರು ಬರಹಗಳು ಸಿಕ್ಕವು. ಸುಣ್ಣಕಲ್ಲಿನ ಚೂರು, ಒಡೆದ ಮಡಕೆಯ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಚೀಟಿಗಳು. ಸಾಲ, ಜಗಳ, ಕತ್ತೆ ಬಾಡಿಗೆ, ಪಗಾರ. ನಾನು ಹುಡುಕ್ತಿದ್ದ ಸಣ್ಣ ಅಕ್ಷರ!

ಈ ಊರಿನ ಒಂದು ಚೂರು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು 2ನೇ ರಾಮೆಸಿಸ್‌ನ 40ನೇ ವರ್ಷದ ಹಾಜರಿ ಪುಸ್ತಕ. ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಬರೆದಿದೆ. ಒಬ್ಬನಿಗೆ ಕಣ್ಣು ನೋವು, ಒಬ್ಬನಿಗೆ ಚೇಳು ಕುಟುಕಿತ್ತು, ಒಬ್ಬ ಮನೆಯಲ್ಲಿ ಬಿಯರ್ ಮಾಡ್ತಿದ್ದ. ಹೆಚ್ಚೂಕಡಿಮೆ 3,200 ವರ್ಷ ಹಿಂದಿನ ರಜೆ ಚೀಟಿ. ನಮ್ಮ ಆಫೀಸಿಗಿಂತ ಪ್ರಾಮಾಣಿಕವಾಗಿದೆ, ಅಲ್ವಾ?

ಈಗ ಪಗಾರಕ್ಕೆ ಬರೋಣ. ಆಗ ನಾಣ್ಯ ಇರಲಿಲ್ಲ, ಧಾನ್ಯವೇ ಸಂಬಳ. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಮೇಸ್ತ್ರಿಗೆ ಐದೂವರೆ ಮತ್ತು 2. ಒಂದು ಚೀಲ ಅಂದ್ರೆ ಸುಮಾರು 77 ಲೀಟರ್ ಅಳತೆ. ಮತ್ತೆ ಆ ಗೋಧಿ ಯಾವುದು ಗೊತ್ತಾ? ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಬೆಳೆಯೋ ಜವೆಗೋಧಿಯ ಜಾತಿಯದ್ದೇ. ನಮ್ಮಜ್ಜಿ ಹುಗ್ಗಿ ಮಾಡ್ತಿದ್ದಿದ್ದು ಅದರಲ್ಲೇ. ಆ ಓಣಿಯಲ್ಲಿ ನಿಂತು ಅಜ್ಜಿ ನೆನಪಾಗ್ತಾಳೆ ಅಂತ ನಾನು ಅಂದ್ಕೊಂಡಿರಲಿಲ್ಲ.

ಈಗ ಮುಖ್ಯ ಕಥೆ. 3ನೇ ರಾಮೆಸಿಸ್‌ನ ಆಳ್ವಿಕೆಯ 29ನೇ ವರ್ಷ, ಸುಮಾರು ಕ್ರಿ.ಪೂ. 1157. ಹೊಟ್ಟೆ ತುಂಬಿದ ದೇವರ ಪಂಚಾಂಗ ಕೆತ್ತಿಸಿದನಲ್ಲ, ಅದೇ ರಾಜ. 30 ವರ್ಷ ತುಂಬೋ ದೊಡ್ಡ ಉತ್ಸವಕ್ಕೆ ತಯಾರಿ ನಡೀತಿದೆ. ಇತ್ತ ಕೆಲಸಗಾರರ ಊರಿಗೆ ಗೋಧಿ ಬರ್ತಿಲ್ಲ. 18 ದಿನ ಆಯ್ತು. ಕೊನೆಗೊಂದು ದಿನ ಎಲ್ಲರೂ ಕೆಲಸ ಬಿಟ್ಟು, ಕಾವಲಿನ ಐದು ಗೋಡೆ ದಾಟಿ, ಹಸಿವಾಗಿದೆ ಅಂತ ಕೂಗ್ತಾ ಹೊರಗೆ ಬಂದ್ರು. ಒಂದು ಹಳೇ ದೇವಸ್ಥಾನದ ಹಿಂದೆ ಕೂತ್ರು. ಅಧಿಕಾರಿಗಳು ಆಣೆ ಪ್ರಮಾಣ ಮಾಡಿ ಕರೆದ್ರು, ಏಳಲಿಲ್ಲ. ಬರಹ ಉಳಿದಿರೋ ಮಟ್ಟಿಗೆ ಜಗತ್ತಿನ ಮೊದಲ ಮುಷ್ಕರ ಇದು.

ಮುಂದಿನ ದಿನಗಳಲ್ಲಿ ಅವರು ರಾಮೆಸಿಯಮ್ ಅನ್ನೋ ದೇವಸ್ಥಾನದ ಒಳಗೇ ಹೋಗಿ ಕೂತ್ರು. ನಾವು ಇಲ್ಲಿಗೆ ಹೋಗಿದ್ದು ನಾಲ್ಕನೇ ದಿನ. ಹಿಂಭಾಗದಲ್ಲಿ ಮಣ್ಣಿನ ಇಟ್ಟಿಗೆಯ ಕಮಾನು ಕಣಜಗಳು ಇವತ್ತಿಗೂ ನಿಂತಿವೆ. ಬ್ಯಾರಿ ಕೆಂಪ್ ಅನ್ನೋ ಪುರಾತತ್ವಜ್ಞ ಲೆಕ್ಕ ಹಾಕಿದಾನೆ, ಅವು ಪೂರ್ತಿ ತುಂಬಿದ್ರೆ ಸುಮಾರು 3,400 ಕುಟುಂಬಗಳು ಒಂದು ವರ್ಷ ಉಣ್ಣಬಹುದಿತ್ತಂತೆ. ಮುಷ್ಕರ ಮಾಡಿದವರು ನೂರು ಜನರೂ ಇರಲಿಲ್ಲ. ಕಣಜದ ಪಕ್ಕದಲ್ಲೇ ಕೂತು, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ನಮ್ಮ ಒಡೆಯ ಫೇರೋಗೆ ತಿಳಿಸಿ ಅಂದ್ರು. ಹಿಂದಿನ ತಿಂಗಳ ಬಾಕಿ ಸಿಕ್ತು. ಪೊಲೀಸ್ ಮುಖ್ಯಸ್ಥನೇ, ಮನೆ ಬಾಗಿಲು ಹಾಕಿ, ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬನ್ನಿ, ನಾನೇ ಮುಂದೆ ನಡೀತೀನಿ ಅಂದ! ಮುಂದೆ ಮಂತ್ರಿಯಿಂದ ಸಂದೇಶ ಬಂತು. ಕಣಜವೇ ಖಾಲಿ, ಸಿಕ್ಕಿದ್ದನ್ನ ಕೊಡ್ತೀನಿ ಅಂತ. ಸಿಕ್ಕಿದ್ದು ಅರ್ಧ ಪಗಾರ. ಮತ್ತೆ ಮತ್ತೆ ಮುಷ್ಕರ ನಡೀತು.

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ? ಮೆದೀನತ್ ಹಾಬುವಿನ ಗೋಡೆಯಿಂದ ಅಲ್ಲ. ಅಮೆನ್ನಖ್ತ್ ಅನ್ನೋ ಗುಮಾಸ್ತ ಬರೆದಿಟ್ಟ ಅಂತ ವಿದ್ವಾಂಸರು ಗುರುತಿಸಿರೋ ಒಂದು ಪಪೈರಸ್‌ನಿಂದ. ಅದೀಗ ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ. ಮುಷ್ಕರಕ್ಕೆ ಕೆಲವು ತಿಂಗಳು ಮುಂಚೆ ಪಗಾರ 20 ದಿನ ತಡವಾದಾಗ, ಇದೇ ಗುಮಾಸ್ತ ಇನ್ನೊಂದು ದೇವಸ್ಥಾನಕ್ಕೆ ಹೋಗಿ ಕೇಳಿ 46 ಚೀಲ ಗೋಧಿ ತರಿಸಿದ್ದ. ಹಾಗಂತ ಅವನೇನು ಸಂತ ಅಲ್ಲ. ಅರ್ಧ ಪಗಾರಕ್ಕೆ ಸಿಟ್ಟಾದವರು ನದಿ ದಂಡೆ ಕಡೆ ಹೊರಟಾಗ, ಯಾವ ಕೋರ್ಟಿಗೆ ಹೋದ್ರೂ ನಿಮಗೇ ಶಿಕ್ಷೆ ಆಗೋ ಹಾಗೆ ಮಾಡ್ತೀನಿ ಅಂತ ಬೆದರಿಸಿದ. ಸರ್ಕಾರಿ ನೌಕರ, ಅವನ ಭಯ ಅವನಿಗೆ. ಆದ್ರೆ ಆ ಬೆದರಿಕೆಯೂ ಲೆಕ್ಕದಲ್ಲಿದೆ. ಪಗಾರ ಬರಲಿಲ್ಲ ಅನ್ನೋದೂ ಇದೆ.

ಈಗ ನನ್ನ ಮಾತು. ಇದನ್ನ ಹೇಳಬೇಕೋ ಬೇಡ್ವೋ ಅಂತ ತುಂಬಾ ಯೋಚನೆ ಮಾಡಿದೆ.

ಡಿಗ್ರಿ ಮುಗಿದ ಮೇಲೆ ನನ್ನ ಮೊದಲ ಕೆಲಸ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಅಲ್ಲಿ ಕಸ ಗುಡಿಸೋಕೆ, ನೆಲ ಒರೆಸೋಕೆ 11 ಜನ ಇದ್ರು. ಒಮ್ಮೆ ಅವರಿಗೆ ಮೂರು ತಿಂಗಳು ಪಗಾರ ಆಗಲಿಲ್ಲ. ಅವರಲ್ಲಿ ಹಿರಿಯ ಹೆಂಗಸು ದಿನಾ ನನ್ನ ಟೇಬಲ್ ಒರೆಸ್ತಾ ಕೇಳೋರು, "ಯವ್ವಾ, ಈ ತಿಂಗಳಾರ ಪಗಾರ ಆಗ್ತೈತೇನವಾ?" ನಾನು "ಆಗ್ತೈತಿ ತಗೋ ಯಕ್ಕಾ" ಅಂತಿದ್ದೆ. ಅದೇ ಹೊತ್ತಿಗೆ ತಪಾಸಣೆ ಬರೋದಿತ್ತು. ಪಗಾರ ರಜಿಸ್ಟರ್‌ನಲ್ಲಿ ಮೂರೂ ತಿಂಗಳು 7ನೇ ತಾರೀಖಿಗೆ ಕೊಟ್ಟಿದೆ ಅಂತ ತುಂಬು ಅಂದ್ರು. ನಾನು ತುಂಬಿದೆ. ಆಮೇಲೆ ದುಡ್ಡು ಬಂತು, ತಡವಾಗಿ. ಅಷ್ಟರಲ್ಲಿ ಆ ಅಕ್ಕ ಕೆಲಸ ಬಿಟ್ಟಿದ್ರು. ಅವರ ಬಾಕಿ ಅವರಿಗೆ ಸೇರ್ತೋ ಇಲ್ವೋ ಅಂತ ನಾನು ಕೇಳಲೇ ಇಲ್ಲ. ಕೇಳಬಹುದಿತ್ತು.

ಆ ರಜಿಸ್ಟರ್ ಯಾರಾದ್ರೂ ಮುಂದೊಂದು ದಿನ ತೆಗೆದು ನೋಡಿದ್ರೆ, ಎಲ್ಲ ಸರಿಯಾಗಿದೆ ಅಂತ ಕಾಣತ್ತೆ. ಅಕ್ಷರವೂ ದುಂಡಾಗಿದೆ, ನನ್ನದೇ. ರಾಮೆಸಿಯಮ್‌ನ ಆ ಕಣಜಗಳ ನೆರಳಲ್ಲಿ ಕೂತಾಗ ನನಗೆ ರಾಜನ ಮೇಲೆ ಸಿಟ್ಟು ಬರಲಿಲ್ಲ. ಗೋಡೆ ಮೇಲೆ ಸುಳ್ಳು ಕೆತ್ತೋದು ರಾಜನ ಚಾಳಿ, ಅದನ್ನ ಯಾರೂ ಪೂರ್ತಿ ನಂಬಲ್ಲ. ಆದ್ರೆ ಲೆಕ್ಕದ ಪುಸ್ತಕವನ್ನ ಜನ ನಂಬ್ತಾರೆ. ಅದರಲ್ಲಿ ಸುಳ್ಳು ಬರೆದವಳು ನಾನು.

ಆ ರಜಿಸ್ಟರ್ ಈಗ ನನ್ನ ಕೈಯಲ್ಲಿಲ್ಲ, ತಿದ್ದೋಕಾಗಲ್ಲ. ಆದ್ರೆ ಈ ರೆಕಾರ್ಡಿಂಗ್ ನನ್ನ ಕೈಯಲ್ಲಿದೆ. ಹಾಗಾಗಿ ಹೇಳ್ತಿದೀನಿ. ಮೂರು ತಿಂಗಳು, 11 ಜನ, 7ನೇ ತಾರೀಖಿಗೆ ಪಗಾರ ಕೊಟ್ಟಿರಲಿಲ್ಲ. ಕೊಟ್ಟಿದೆ ಅಂತ ಬರೆದದ್ದು ನಾನು. ಊರಿಗೆ ವಾಪಸ್ ಬಂದ ಮೇಲೆ ಹಳೇ ಸಹೋದ್ಯೋಗಿಯೊಬ್ಬರ ಹತ್ತಿರ ಆ ಅಕ್ಕನ ವಿಳಾಸ ಕೇಳಿದೀನಿ. ಇನ್ನೂ ಸಿಕ್ಕಿಲ್ಲ.

ನೀವೂ ಎಂದಾದ್ರೂ ಲಕ್ಸರ್‌ಗೆ ಹೋದ್ರೆ ಕಾರ್ನಾಕ್ ಖಂಡಿತ ನೋಡಿ. ಆದ್ರೆ ಒಂದು ಅರ್ಧ ದಿನ ದೇರ್ ಅಲ್ ಮದೀನಾಕ್ಕೆ ಇಟ್ಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಬಿಸಿಲು ಜೋರು, ನೀರಿನ ಬಾಟಲಿ ಮರೀಬೇಡಿ. ಅಲ್ಲಿ ಈಗಲೂ ನೆರಳು ಕಡಿಮೆ.

ಮುಂದಿನ ಸಂಚಿಕೆಯಲ್ಲಿ ಇನ್ನೂ ದಕ್ಷಿಣಕ್ಕೆ ಹೋಗೋಣ, ಅಸ್ವಾನ್ ಮತ್ತು ಅಬು ಸಿಂಬೆಲ್‌ಗೆ. ಅಲ್ಲಿವರೆಗೆ ಚೆನ್ನಾಗಿರಿ. ನಮಸ್ಕಾರ.