ಗದ್ದಲವೋ, ಗುಟ್ಟಿನ ಲೆಕ್ಕವೋ

ಕ್ಯಾಲ್ಕುಲೇಟರ್ ಇದ್ದರೆ ತಗೊಳ್ಳಿ. ಒಂದರಲ್ಲಿ 0.2 ಕಳೆಯಿರಿ, ಉಳಿದದ್ದನ್ನು ಅದೇ 0.2ರಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ. 0.64 ಬಂತೇ? ಅದಕ್ಕೂ ಹಾಗೇ ಮಾಡಿ: 0.9216. ಮುಂದೆ 0.289, ಆಮೇಲೆ 0.8219. ಲಾಟರಿ ನಂಬರಿನ ಹಾಗಿದೆ. ಅದೃಷ್ಟ ಮಾತ್ರ ಎಳ್ಳಷ್ಟೂ ಇಲ್ಲ. ಪ್ರತಿ ಸಂಖ್ಯೆಯನ್ನೂ ಅದರ ಮುಂದಿನದರ ಜೊತೆ ಗ್ರಾಫ್ ಹಾಳೆಯಲ್ಲಿ ಗುರುತಿಸಿ ನೋಡಿ, ಚುಕ್ಕೆಗಳೆಲ್ಲ ಒಂದೇ ಕಮಾನಿನ ಮೇಲೆ ಕೂರುತ್ತವೆ. ಲಾಟರಿಯ ಚುಕ್ಕೆಗಳಾದರೆ ಚೆಲ್ಲಿದ ಸಾಸಿವೆ. ಈ ಲೆಕ್ಕಬದ್ಧ ಗೊಂದಲವೇ ಕೇಯಾಸ್.

ಮಿದುಳಿನ ವಿದ್ಯುತ್ ಅಲೆ ಈ ಎರಡರಲ್ಲಿ ಯಾವುದು, ಲಾಟರಿಯೋ ಕೇಯಾಸೋ?

ಆ ಅಲೆ ಸಿಕ್ಕಿದ ಕತೆ ಎಷ್ಟು ಸಲ ಹೇಳಿದರೂ ನನಗೆ ಸಾಲದು. ಜರ್ಮನ್ ಸೇನೆಯಲ್ಲಿದ್ದ ತರುಣ ಹ್ಯಾನ್ಸ್ ಬರ್ಗರ್ ಕುದುರೆಯಿಂದ ಬಿದ್ದ. ಫಿರಂಗಿ ಗಾಡಿಯ ಗಾಲಿಗೆ ಸಿಗದೆ ಕೂದಲೆಳೆಯಲ್ಲಿ ಪಾರಾದ. ಅದೇ ದಿನ ಅಪ್ಪನ ತಂತಿ ಬಂತು, ಕ್ಷೇಮವೇ ಅಂತ. ದೂರದೂರಲ್ಲಿದ್ದ ಸೋದರಿಗೆ ಯಾಕೋ ಜೀವ ಹೊಡೆದುಕೊಂಡಿತ್ತಂತೆ. ಮನಸ್ಸಿನಿಂದ ಮನಸ್ಸಿಗೆ ಹರಿದದ್ದೇನು? ಹುಡುಕುತ್ತ ಹೋದ ಬರ್ಗರ್ 1924ರಲ್ಲಿ ಯೇನಾದಲ್ಲಿ ಮನುಷ್ಯನ ತಲೆಯಿಂದ ವಿದ್ಯುತ್ತಿನ ಅಲೆ ದಾಖಲಿಸಿದರು. ಟೆಲಿಪತಿ ಸಿಗಲಿಲ್ಲ, ಆ ಅಲೆಯ ದಾಖಲೆ, ಅಂದರೆ ಇಇಜಿ, ಸಿಕ್ಕಿತು. ಅಚ್ಚಿಗೆ ಕೊಡುವ ಧೈರ್ಯ ಬರಲು ಮತ್ತೆ ಐದು ವರ್ಷ!

ನಡುವಿನ ಅರ್ಧ ಶತಮಾನ ಹಾರಿಬಿಡೋಣ. 1985ರಲ್ಲಿ ಬ್ರಸೆಲ್ಸ್‌ನ ಬಾಬ್ಲೋಯಾಂಟ್ಸ್ ತಂಡ, ನಿದ್ದೆಯ ಇಇಜಿಯಲ್ಲಿ ಕೇಯಾಸ್ ಕಂಡೆವು ಎಂದಿತು. ನಮ್ಮ ಬೆಂಗಳೂರೂ ಸುಮ್ಮನಿರಲಿಲ್ಲ. ನಿಮ್ಹಾನ್ಸ್‌ನ ಎನ್. ಪ್ರಧಾನ್, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ನಾರಾಯಣ ದತ್ 1993ರಲ್ಲಿ ಇದೇ ಕಣ್ಣಿನಿಂದ ಇಇಜಿ ನೋಡಿ ಬರೆದರು; 1995ರಲ್ಲಿ ಸಂಗಡಿಗರೊಂದಿಗೆ ನಿದ್ದೆಯ ಅಲೆಗಳನ್ನೂ ಅಳೆದರು. ಹೊಸೂರು ರಸ್ತೆಯ ಆಸ್ಪತ್ರೆಗೂ ಯಶವಂತಪುರದ ಕಡೆಯ ಲ್ಯಾಬಿಗೂ ಇಂಥ ನಂಟು!

ಆ ಹೊತ್ತಿಗಾಗಲೇ, ಅಲೆಯಲ್ಲಿ ಕೇಯಾಸ್ ಇದೆಯೇ ಎಂದು ಅಂಕಿಯಲ್ಲಿ ಹೇಳುವ ಅಳತೆಗೋಲಿನ ಮೇಲೇ ಅನುಮಾನ ಬಂದಿತ್ತು. ಕೆಲವು ಬಗೆಯ ಬರೀ ಗದ್ದಲವೂ, ಅಂದರೆ ಗುಟ್ಟಿನ ಲೆಕ್ಕವಿಲ್ಲದ ಏರಿಳಿತವೂ, ಕೇಯಾಸ್‌ನಂತೆಯೇ ಅಂಕಿ ಕೊಡುತ್ತದೆ ಎಂದು 1989ರಲ್ಲೇ ಗೊತ್ತಾಗಿತ್ತು. 1992ರಲ್ಲಿ ಜೇಮ್ಸ್ ಥೈಲರ್ ಮತ್ತು ಜೊತೆಗಾರರು ಒಂದು ಜಾಣ ಪರೀಕ್ಷೆ ಮುಂದಿಟ್ಟರು. ಅಸಲಿ ಅಲೆಯಿಂದ ಡಮ್ಮಿ ಅಲೆಗಳನ್ನು ಮಾಡು. ಸ್ವರಗಳು ಅವೇ, ಯಾವುದೆಷ್ಟು ಅನ್ನುವ ಪ್ರಮಾಣವೂ ಅದೇ, ಒಂದಕ್ಕೊಂದು ಕೂಡುವ ಹೊತ್ತು ಮಾತ್ರ ಕಲಕಿದ್ದು. ಎರಡನ್ನೂ ಅಳೆ. ಅಂಕಿ ಒಂದೇ ಬಂದರೆ ಕೇಯಾಸ್ ಅಂತ ಕುಣಿಯಬೇಡ.

ಎಷ್ಟೋ ಜನರ ಕುಣಿತ ಅಲ್ಲಿಗೆ ನಿಂತಿತು. ನನ್ನದೂ. ಚೆಂದದ ಕನಸದು, ಈಗಲೂ ಹೊಟ್ಟೆ ಉರಿಯುತ್ತೆ.

2001ರಲ್ಲಿ ಬಾನ್ ನಗರದ ತಂಡ ಇದೇ ದಾರಿಯಲ್ಲಿ ಐದು ಬಗೆಯ ದಾಖಲೆಗಳನ್ನು ಪರೀಕ್ಷಿಸಿತು. ಕಣ್ಣು ತೆರೆದು ಕೂತ ಆರೋಗ್ಯವಂತರ ಇಇಜಿಯನ್ನು ಗದ್ದಲದಿಂದ ಬೇರೆ ಮಾಡಲಾಗಲಿಲ್ಲ. ಲೆಕ್ಕದ ಗುರುತು ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ಅಪಸ್ಮಾರದ ಸೆಳವಿನಲ್ಲಿ.